ಕಿವಿಸೊಪ್ಪಿನ ಮಾಳ

ನಮ್ಮ ಊರಿನ ದನ ಮೇಯುವ ಮಾಳದಲ್ಲಿ ಮಾತಾಡುವ ಹಾಗಿಲ್ಲ. ಮಾತಾಡಿದರೆ ಕಿವಿಸೊಪ್ಪು ಬಾಡುತ್ತದೆ. ಇದರಲ್ಲಿ ಸಿಟ್ಟಾಗುವಂಥದ್ದು ಏನೂ ಇಲ್ಲ. ಒಂದು ಗಿಡಕ್ಕೆ ನೆರಳು ಆಗುವುದಿಲ್ಲ, ಇನ್ನೊಂದಕ್ಕೆ ಬುಡದಲ್ಲಿ ನೀರು ನಿಂತರೆ ಆಗುವುದಿಲ್ಲ, ಇದಕ್ಕೆ ಮನುಷ್ಯರ ಮಾತು ಆಗುವುದಿಲ್ಲ. ನನ್ನ ಸಿಟ್ಟು ಗಿಡದ ಮೇಲಲ್ಲ. ಗಿಡದ ಮರೆಯಲ್ಲಿ ನಿಂತು ನಮ್ಮನ್ನು ಆಳಿದವರ ಮೇಲೆ.

ಕಿವಿಸೊಪ್ಪಿನ ಎಲೆ ಕರುವಿನ ಕಿವಿಯ ಆಕಾರದ್ದು, ಅಷ್ಟೇ ಮೆತ್ತಗೆ. ಒಮ್ಮೆ ನೆಟ್ಟರೆ ವರ್ಷ ವರ್ಷ ತಾನೇ ಚಿಗುರುತ್ತದೆ. ಬೇರು ಹಾರೆಯ ಹಾಗೆ ನೆಟ್ಟಗೆ ಕೆಳಗಿಳಿದು ಎಲ್ಲಿಂದಲೋ ತೇವ ಹುಡುಕಿಕೊಳ್ಳುವುದರಿಂದ, ಹುಲ್ಲೆಲ್ಲ ಬೆಳ್ಳಗಾಗಿ ಮುರಿಯುವ ಬೇಸಿಗೆಯಲ್ಲೂ ಇದೊಂದು ಹಸಿರಾಗಿರುತ್ತದೆ. ಬರೀ ಇದನ್ನೇ ಬೆಳೆದರೆ ದನ ತೆಳ್ಳಗೆ ಸಗಣಿ ಹಾಕುತ್ತವೆ, ಹಾಲಿಗೂ ಕಹಿ ಇಳಿಯುತ್ತದೆ. ಅದಕ್ಕೇ ಗರಿಕೆ, ಕಾಡುಹುರುಳಿಗಳ ನಡುವೆ ಅಲ್ಲೊಂದು ಇಲ್ಲೊಂದು ಬುಡ ಇರುವಂತೆ ನೆಡಬೇಕು. ಮೇಯಿಸಿದ ಮೇಲೆ ನೆಲಕ್ಕೆ ಬಿಡುವು ಕೊಡಬೇಕು, ಮಳೆಯಲ್ಲಿ ನೆನೆದ ದಿನ ದನ ಬಿಡಬಾರದು, ಹೂದಂಟು ಎದ್ದರೆ ಚಿವುಟಬೇಕು. ಇಷ್ಟು ನೋಡಿಕೊಂಡರೆ ಹಾಲು ಬೇಸಿಗೆಯಲ್ಲೂ ಇಳಿಯುವುದಿಲ್ಲ, ಆಡು ಕುರಿಗಳಿಗೆ ಹೊಟ್ಟೆಹುಳದ ಕಾಟ ಇರುವುದಿಲ್ಲ. ನಮ್ಮ ಊರು ಬದುಕಿರುವುದೇ ಈ ಸೊಪ್ಪಿನಿಂದ.

ಕೆಮ್ಮಿಗೆ ಅದು ಬಾಡುವುದಿಲ್ಲ. ದನ ಕೂಗಲಿ, ನಾಯಿ ಬೊಗಳಲಿ, ಅದಕ್ಕೆ ಲೆಕ್ಕವಿಲ್ಲ. ಮಾತು ಬಿದ್ದರೆ ಮಾತ್ರ, ಅದು ಎಲ್ಲಿಯವರೆಗೆ ಕೇಳಿಸುತ್ತದೋ ಅಲ್ಲಿಯವರೆಗಿನ ಎಲೆಗಳೆಲ್ಲ ಕುದಿನೀರು ಹೊಯ್ದ ಹಾಗೆ ಸೊರಗಿ ನೆಲಕ್ಕೆ ಅಂಟಿಕೊಳ್ಳುತ್ತವೆ. ಪಿಸುಮಾತಿಗೆ ಒಂದು ಮೊರದಗಲ, ಕೂಗಿಗೆ ಒಂದು ಹೊಲದಗಲ. ಒಮ್ಮೆ ಪೇಟೆಯಿಂದ ಬಂದ ದನದ ಡಾಕ್ಟರು ನಮ್ಮ ಹಸುಗಳ ಮೈಕಟ್ಟು ನೋಡಿ ತಡೆಯಲಾರದೆ “ಭೇಷ್!” ಎಂದುಬಿಟ್ಟರಂತೆ. ಅವರ ಬೂಟಿನ ಸುತ್ತ ಮಾಳ ಕಂದಿಹೋಯಿತು. ಬಾಡಿದ ಬುಡಗಳನ್ನು ಅವತ್ತೇ ಬೇರುಸಹಿತ ಅಗೆದು ಸುಡಬೇಕು, ಇಲ್ಲದಿದ್ದರೆ ಬಾಡು ಪಕ್ಕಕ್ಕೆ ಹಬ್ಬುತ್ತದೆ ಎಂಬುದು ಹಿಂದಿನಿಂದ ಬಂದ ಕಟ್ಟಳೆ. ಊರಿನ ಯಜಮಾನನ ಆಳುಗಳು ಹಾರೆ ತಂದು ಅಗೆದು ಸುಟ್ಟರು. ಡಾಕ್ಟರು ಮತ್ತೆ ನಮ್ಮ ಊರಿಗೆ ಬರಲಿಲ್ಲ.

ಮಾಳದ ಸುತ್ತ ಕಲ್ಲಿನ ಬೇಲಿ. ಒಳಗೆ ಹೋಗುವ ಸಂದಿಯಲ್ಲಿ ಒಂದು ಎತ್ತರದ ಕಲ್ಲು, ಬಾಯಿಕಲ್ಲು ಎಂದು ಅದರ ಹೆಸರು. ಅದನ್ನು ದಾಟಿ ಒಳಗೆ ಹೋದವರು ಕೈಸನ್ನೆಯಲ್ಲಿ ಕೆಲಸ ನಡೆಸುತ್ತಾರೆ. ಒಳಗೆ ಶುರುವಾದ ಜಗಳಗಳನ್ನು ಜನ ಹಾಗೇ ಹೊಟ್ಟೆಯಲ್ಲಿಟ್ಟುಕೊಂಡು ಬಂದು, ಕಲ್ಲು ದಾಟಿದ ಗಳಿಗೆಯಲ್ಲಿ ನಡುಮಧ್ಯದಿಂದ ಆರಂಭಿಸುತ್ತಾರೆ. “ಅದಕ್ಕೇ ನಾನೂ ಅಂದಿದ್ದು!” ಎಂದು ಒಬ್ಬ ಕಿರುಚುತ್ತಾನೆ, ಏನೂ ಅಂದೇ ಇರುವುದಿಲ್ಲ.

ನೆಡುವ ಕೆಲಸವಂತೂ ನೋಡಲು ಚೆಂದ. ಮೊದಲ ಮಳೆ ಬಿದ್ದ ಮೇಲೆ ಹಳೆಯ ಬುಡಗಳನ್ನು ಸೀಳಿ, ಬೇರಿನ ತುಂಡುಗಳನ್ನು ಹೊಸ ಜಾಗಕ್ಕೆ ಸಾಗಿಸಬೇಕು. “ಇಲ್ಲಿ ತಾ”, “ಸಾಕು” ಎನ್ನುವ ಹಾಗಿಲ್ಲವಲ್ಲ. ಅದಕ್ಕೆ ಹೆಂಗಸರು ಗಂಡಸರು ಮಾಳದುದ್ದಕ್ಕೆ ಸಾಲಾಗಿ ನಿಲ್ಲುತ್ತಾರೆ. ಬೇರಿನ ತುಂಡು ಕೈಗೆ ಬಂದಾಗ ಪಕ್ಕದವರ ಭುಜ ಮುಟ್ಟಬೇಕು, ಅವರು ತಿರುಗಿದಾಗ ಅಂಗೈಯಲ್ಲಿ ಇಡಬೇಕು. ಎಲ್ಲಿಗೆ, ಯಾಕೆ ಎಂದು ನಡುವಿನವರು ಕೇಳುವುದಿಲ್ಲ. ಬಂದದ್ದನ್ನು ಮುಂದಕ್ಕೆ ಕೊಡುತ್ತಾರೆ.

ನಾನು ದೂರದ ಪಟ್ಟಣದಲ್ಲಿ ತತ್ವಶಾಸ್ತ್ರ ಓದಿ ಬಂದವಳು. ಹಾಸ್ಟೆಲಿನ ಗದ್ದಲದಲ್ಲಿ ನಾನು ಅತ್ತದ್ದು ಮನೆಯವರಿಗಾಗಿ ಅಲ್ಲ, ಈ ಮಾಳದ ಮೌನಕ್ಕಾಗಿ. ಅಕ್ಕನೂ ನಾನೂ ಎದುರುಬದುರು ಕುಳಿತು ಬುಡ ಸೀಳುವಾಗ ನಮ್ಮ ನಡುವೆ ಇರುವ ಮೌನ ಒಂದು ಬಗೆ. ಅದರಲ್ಲಿ ಏನೂ ಕಡಿಮೆ ಬಿದ್ದಿರುವುದಿಲ್ಲ. ಆದರೆ ಮೌನಕ್ಕೂ ಯಜಮಾನರಿರುತ್ತಾರೆ ಎಂಬುದನ್ನು ನನಗೆ ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಮಾಳ ಊರಿಗೆಲ್ಲ ಸೇರಿದ್ದು. ಅದನ್ನು ಪಟ್ಟಿಗಳಾಗಿ ಮಾಡಿ ಮನೆಗೊಂದರಂತೆ ಮೇಯಿಸಲು ಕೊಡುತ್ತಾರೆ. ವರ್ಷಕ್ಕೊಮ್ಮೆ ಕೂಟ. ಕೂಟ ನಡೆಯುವುದು ಮಾಳದಲ್ಲೇ. ಅವರವರು ಅವರವರ ಪಟ್ಟಿಯಲ್ಲಿ ನಿಲ್ಲಬೇಕು. ಯಜಮಾನ ಕಾಟಯ್ಯ ನಡುವಿನ ದಿಬ್ಬದ ಮೇಲೆ ನಿಲ್ಲುತ್ತಾನೆ. ಆ ದಿಬ್ಬದ ಸುತ್ತಲಿನದು ಅವನದೇ ಪಟ್ಟಿ, ಮಾಳದಲ್ಲಿ ಎಲ್ಲಕ್ಕಿಂತ ದಟ್ಟವಾದದ್ದು. ಯಾರ ಪಟ್ಟಿ ಯಾರಿಗೆ ಎಂದು ಅವನು ಕೈ ತೋರಿಸುತ್ತಾನೆ, ಆಳುಗಳು ಗೂಟ ಕಿತ್ತು ಗೂಟ ನೆಡುತ್ತಾರೆ. ಆಮೇಲೆ ಅವನು ಕೈ ಎತ್ತಿ ಕಾಯುತ್ತಾನೆ. ತಕರಾರು ಇದ್ದವರು ಆಗ ಹೇಳಬೇಕು. ಬಾಯಿಂದಲೇ ಹೇಳಬೇಕು, ಕೈಸನ್ನೆ ಕೆಲಸಕ್ಕೆ, ತಕರಾರಿಗಲ್ಲ. ತಕರಾರಿರುವ ಪಟ್ಟಿಯಲ್ಲಿ ನಿಂತೇ ಹೇಳಬೇಕು, ಯಜಮಾನನ ಕಿವಿಗೆ ಬೀಳಬೇಕು. ಕಾಯುವುದು ಎಲ್ಲಿಯವರೆಗೆ ಎಂದರೆ, ಅವನ ಕಾಲ ಬಳಿ ಮೇಯಲು ಬಿಟ್ಟ ಮುದಿ ಹಸು ಸೊಪ್ಪಿನಿಂದ ತಲೆ ಎತ್ತುವವರೆಗೆ. ಹಸು ತಲೆ ಎತ್ತಿತೆಂದರೆ ಕೈ ಇಳಿಯುತ್ತದೆ, ಸುಮ್ಮನಿದ್ದವರೆಲ್ಲ ಒಪ್ಪಿದ ಹಾಗೆ.

ಕೂಗಿದರೆ ತಮ್ಮ ಸೊಪ್ಪಷ್ಟೇ ಅಲ್ಲ, ನಡುವಿನ ಮನೆಗಳವರ ಸೊಪ್ಪೂ ಹೋಗುತ್ತದೆ. ಹಾಗಾಗಿ ನಮ್ಮ ಊರಿನಲ್ಲಿ ಇದುವರೆಗೆ ಯಾವ ತಕರಾರೂ ಬಂದಿರಲಿಲ್ಲ. ಪಕ್ಕದ ಊರುಗಳವರು ನಮ್ಮನ್ನು ಹೊಗಳುತ್ತಿದ್ದರು. ಎಷ್ಟು ಒಗ್ಗಟ್ಟು!

ನಮ್ಮ ತಾತನ ಕಾಲದಲ್ಲಿ ಬಾವಿಯ ಪಕ್ಕದ ಪಟ್ಟಿ ನಮ್ಮದಾಗಿತ್ತಂತೆ. ಒಂದು ಕೂಟದಲ್ಲಿ ಅದು ಹೋಯಿತು. ತಾತ ಸುಮ್ಮನೆ ನಿಂತಿದ್ದನಂತೆ. ನಮಗೆ ಬಂದದ್ದು ಮೇಲಿನ ಇಳಿಜಾರು, ಬರೀ ನೊರಜುಗಲ್ಲು. ನನ್ನ ಅಕ್ಕ ಓಬಕ್ಕ ಮದುವೆ ಬೇಡವೆಂದು ಅಲ್ಲೇ ನಿಂತಳು. ಕಲ್ಲು ಆರಿಸಿ ಅಡ್ಡಕ್ಕೆ ಬದು ಹಾಕಿದಳು. ಗರಿಕೆ ತಂದು ಹಚ್ಚಿದಳು, ಕಾಡುಹುರುಳಿ ಎರಚಿದಳು, ಅವು ಮಣ್ಣು ಹಿಡಿದ ಮೇಲೆ ಕಿವಿಸೊಪ್ಪಿನ ಬೇರು ಕೂರಿಸಿದಳು. ಮೊದಲ ವರ್ಷ ದನಗಳಿಗೆ ಮುಟ್ಟಗೊಡಲಿಲ್ಲ. ಈಗ ಆ ಇಳಿಜಾರಿನಲ್ಲಿ ನೀರು ನಿಲ್ಲದ್ದರಿಂದ ಬುಡ ಕೊಳೆಯುವುದಿಲ್ಲ, ಗೊರಸಿಗೆ ಒಡೆಯುವುದಿಲ್ಲ. ಮಾಳದಲ್ಲೆಲ್ಲ ಸೊಪ್ಪು ಮುಗಿದ ಮೇಲೂ ಅಲ್ಲಿ ಇರುತ್ತದೆ. ನಮ್ಮ ಮನೆಯ ಮೂರು ಹಸುಗಳೂ ಅದರ ಮೇಲೇ ಬದುಕಿರುವುದು.

ಸುದ್ದಿ ತಂದವಳು ತಿಪ್ಪಕ್ಕ. ನಮ್ಮ ಪಟ್ಟಿಯ ಕೆಳಗಿನದು ಅವಳ ಪಟ್ಟಿ, ಆಡು ಸಾಕುತ್ತಾಳೆ. ಬಾಯಿಕಲ್ಲು ದಾಟಿದ್ದೇ ತಡ, “ಓಬಿ, ನಿನ್ನ ಮ್ಯಾಗಳ ಪಟ್ಟೀಗೆ ಗಂಡು ನೋಡವ್ರಂತೆ ಕಣೆ!” ಎಂದಳು.

“ಯಾವ ಗಂಡು?”

“ಯಜಮಾನ್ರ ಬಾಮೈದ, ಪಾಲಯ್ಯ. ಸೀಮೆಹಸ ತಂದವ್ನಲ್ಲ, ಅವು ನಮ್ಮ ಹುಲ್ಲು ಮೂಸೂ ನೋಡಲ್ವಂತೆ. ರಾಣಿಯೋರು! ಈ ಸಲದ ಕೂಟದಾಗೆ ನಿನ್ನ ಗೂಟ ಕೀಳ್ತಾರೆ.”

ಪಾಲಯ್ಯ ಅಲ್ಲೇ ಹಿಂದೆ ಬರುತ್ತಿದ್ದ. ಮುಚ್ಚಿಡಲೂ ಇಲ್ಲ. “ಬೇಜಾರ್ ಮಾಡ್ಕಬ್ಯಾಡ ಓಬಕ್ಕ. ಕೆರೆ ಕಡೆ ಪಟ್ಟಿ ಕೊಡ್ತಾರೆ ನಿಂಗೆ. ನಿನ್ನ ಕೈಗುಣ ಚಂದಾಗೈತೆ, ಅಲ್ಲೂ ಬೆಳೆಸ್ತೀಯ” ಎಂದ.

ಕೆರೆ ಕಡೆಯದು ವರ್ಷವಿಡೀ ಜವುಗು. ಅಲ್ಲಿ ನೆಟ್ಟ ಬೇರು ಬೆಲ್ಲದ ಹಾಗೆ ಕರಗುತ್ತದೆ.

“ಕೈಗುಣ ಬೇಕಾ? ಕೈ ಕಡ್ಕೊಡೇ ಓಬಿ, ಬುಟ್ಟೀಲಿ ಹಾಕ್ಕೊಂಡು ಹೋಗ್ಲಿ!” ಎಂದು ತಿಪ್ಪಕ್ಕ ಅವನ ಬೆನ್ನಿಗೆ ಉಗಿದಳು. ಅವನು ಮರೆಯಾದ ಮೇಲೆ ಅಕ್ಕನ ಕಡೆ ತಿರುಗಿ ದನಿ ಬದಲಿಸಿದಳು. “ಆದ್ರೆ ಒಂದು ಮಾತು ಕೇಳು. ಸಿಟ್ನಾಗೆ ಕೂಗೀಗಿ ಬಿಟ್ಟೀಯ. ನಡುವೆ ನನ್ನ ಪಟ್ಟಿ ಐತೆ. ನನ್ನ ಆಡಿಗೆ ಹುಳ ಬಿದ್ರೆ, ತಂದು ನಿನ್ನ ಬಾಗ್ಲಾಗೇ ಕಟ್ತೀನಿ.”

ಅಕ್ಕ ಮನೆಯ ಕಡೆ ಹೆಜ್ಜೆ ಹಾಕಿದಳು. ನಾನು ನೆಟ್ಟಗೆ ಕಾಟಯ್ಯನ ಮನೆಗೆ ಹೋದೆ.

ಅವನು ಜಗುಲಿಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಮೆಲುದನಿಯ ಮನುಷ್ಯ, ಮುಖದಲ್ಲಿ ಸಿಟ್ಟೆಂಬುದು ಕಂಡವರಿಲ್ಲ. “ಬಾರವ್ವ, ಓದಿದೋಳು ನಮ್ಮ ಮನೇಗೆ ಬಂದೀಯ. ಮಜ್ಜಿಗೆ ಕುಡಿ” ಎಂದು ಲೋಟ ಮುಂದಿಟ್ಟ.

“ಮಜ್ಜಿಗೆ ಬ್ಯಾಡ. ಅಕ್ಕನ ಪಟ್ಟಿ ಯಾಕೆ ಕಿತ್ಕೊಳ್ತೀರ?”

“ಕಿತ್ಕೊಳ್ಳಾಕೆ ನಾನ್ಯಾರವ್ವ? ಕೂಟ ಒಪ್ಪಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ನಿಮ್ಮಕ್ಕ ಬ್ಯಾಡ ಅನ್ಲಿ. ಅದಕ್ಕೇ ಅಲ್ವಾ ನಾನು ಕೈ ನೋವಾಗಂಗೆ ಎತ್ಕೊಂಡು ನಿಲ್ಲೋದು?”

“ಬ್ಯಾಡ ಅಂದ್ರೆ ಸೊಪ್ಪು ಬಾಡ್ತೈತಲ್ಲ!”

“ಅದು ಸೊಪ್ಪಿನ ಗುಣ. ಅದಕ್ಕೆ ನಾನೇನು ಮಾಡ್ಲಿ?”

“ಕೂಟಾನ ಬಾಯಿಕಲ್ಲಿನ ಈಚೆ ಮಾಡಿ.”

ಅವನು ಹಗ್ಗ ಕೆಳಗಿಟ್ಟ. “ನೆಲದ ನ್ಯಾಯ ನೆಲದ ಮ್ಯಾಲೇ ಆಗ್ಬೇಕು ಕಣವ್ವ. ನಿಮ್ಮ ತಾತ ಬಾವಿ ಪಟ್ಟಿ ಬಿಟ್ಟಾಗ ನಮ್ಮಪ್ಪ ದಿಬ್ಬದ ಮ್ಯಾಲಿದ್ದ. ನಿಮ್ಮ ತಾತ ತುಟಿ ಪಿಟಕ್ ಅನ್ಲಿಲ್ಲ. ಎಂಥಾ ಮನುಷ್ಯ! ಈಗಿನೋರಿಗೆ ಆ ಗಾಂಭೀರ್ಯ ಎಲ್ಲೈತೆ?” ಆಮೇಲೆ ನಕ್ಕ. “ನಿಂಗೆ ಅನುಮಾನ ಇದ್ರೆ ನೀನೇ ಬಂದು ದಿಬ್ಬದ ಬುಡದಾಗೆ ಸಾಕ್ಷಿಯಾಗಿ ನಿಂತ್ಕೋ. ಎಲ್ಲಾ ನ್ಯಾಯವಾಗಿ ನಡೀತೈತಾ ನೋಡು. ಆದ್ರೆ ಸಾಕ್ಷಿಗೆ ನೆಲ ಇರಲ್ಲ, ತಕರಾರೂ ಇರಲ್ಲ. ತಿಳೀತಾ?”

ಆ ಮಜ್ಜಿಗೆಯ ಲೋಟವನ್ನು ಅವನ ಜಗುಲಿಯ ಮೇಲೆ ಬೋರಲು ಹಾಕಿ ಬರಬೇಕಿತ್ತು. ಬಂದದ್ದು ಸುಮ್ಮನೆ.

ಮನೆಯಲ್ಲಿ ಅಕ್ಕ ಹಿತ್ತಲಲ್ಲಿ ಕುಳಿತು ಹಾರೆಯ ತುದಿಯನ್ನು ಕಲ್ಲಿಗೆ ಉಜ್ಜುತ್ತಿದ್ದಳು. ನಾನು ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ಇನ್ನಷ್ಟು ಸಿಟ್ಟು ಬಂದು, ಇದು ಒಪ್ಪಿಗೆಯಲ್ಲ ದರೋಡೆ, ಬಾಯಿ ಕಟ್ಟಿ ‘ಬೇಡವಾದರೆ ಹೇಳು’ ಅನ್ನುವುದು ಎಲ್ಲಿಯ ನ್ಯಾಯ ಎಂದು ಕೂಗಾಡಿದೆ.

“ಇದನ್ನ ಓದಾಕೆ ಅಷ್ಟು ದೂರ ಹೋಗಿದ್ಯಾ?” ಎಂದಳು ಅಕ್ಕ. “ಇದು ನಂಗೂ ಗೊತ್ತೈತೆ.”

“ಹಂಗಾದ್ರೆ ಕೂಗು. ಬಾಡಿದ್ರೆ ಬಾಡ್ಲಿ. ಹೋಗೋ ಪಟ್ಟಿ ತಾನೆ?”

“ನಂದು ಬಾಡ್ಲಿ. ತಿಪ್ಪಕ್ಕಂದು? ಅದರ ಕೆಳಗಿನೋರದು? ಅವರ ದನ ಏನ್ ಪಾಪ ಮಾಡಿದ್ವು?” ಅವಳು ಹಾರೆಯನ್ನು ತಿರುಗಿಸಿ ಇನ್ನೊಂದು ಮಗ್ಗುಲು ಉಜ್ಜತೊಡಗಿದಳು. “ಆ ಪಟ್ಟಿ ಹೋದ್ರೆ ಹಸಗಳನ್ನ ಮಾರ್ಬೇಕು. ಮೂರನ್ನೂ. ಅದೂ ಗೊತ್ತೈತೆ. ನೀನು ಹೋಗಿ ಸಾಕ್ಷಿಯಾಗಿ ನಿಂತ್ಕೋ.”

“ಯಾಕೆ? ಅವನ ನ್ಯಾಯಕ್ಕೆ ಮೆರುಗು ಕೊಡಾಕಾ?”

“ನನ್ನ ಗೂಟ ಕೀಳೋವಾಗ ನಮ್ಮೋರು ಒಬ್ರು ನೋಡ್ಲಿ.”

ಕೂಟದ ದಿನ ಬೆಳಕು ಚೆನ್ನಾಗಿತ್ತು. ನಾನು ದಿಬ್ಬದ ಬುಡದಲ್ಲಿ ನಿಂತಿದ್ದೆ. ಮಾಳದ ಮೇಲೆಲ್ಲ ಜನ ಅವರವರ ಜಾಗದಲ್ಲಿ, ಗೊಂಬೆಗಳನ್ನು ನೆಟ್ಟ ಹಾಗೆ. ದೂರದ ಇಳಿಜಾರಿನಲ್ಲಿ ಅಕ್ಕನ ಕೆಂಪು ಸೀರೆ ಕಾಣುತ್ತಿತ್ತು. ಸಣ್ಣಪುಟ್ಟ ಬದಲಾವಣೆಗಳು ಮುಗಿದವು. ಆಮೇಲೆ ಕಾಟಯ್ಯ ಇಳಿಜಾರಿನ ಕಡೆ ಕೈ ತೋರಿಸಿದ. ಆಳುಗಳು ಅಕ್ಕನ ಗೂಟವನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತರು. ಪಾಲಯ್ಯನ ಗೂಟವನ್ನು ಬಡಿದರು. ಅಷ್ಟು ದೂರದ ಬಡಿತ ನನಗೆ ತಡವಾಗಿ ಕೇಳಿಸಿತು. ಕಾಟಯ್ಯ ಕೈ ಎತ್ತಿದ. ಮುದಿ ಹಸು ಅವನ ಕಾಲ ಬಳಿ ತಲೆ ತಗ್ಗಿಸಿ ಸೊಪ್ಪಿಗೆ ಬಾಯಿ ಹಾಕಿತು.

ಆ ಮೌನವನ್ನು ನಾನು ಇಷ್ಟಪಟ್ಟಿದ್ದೆನೇ? ಅದೇ ಗಾಳಿ, ಅದೇ ಹಸಿರು. ಆದರೆ ಅವತ್ತು ಅದು ಇಡೀ ಊರಿನ ಬಾಯಿಗೆ ಒತ್ತಿ ಹಿಡಿದ ಅಂಗೈಯ ಹಾಗೆ ಇತ್ತು.

ಅಕ್ಕ ನಡೆದು ತನ್ನ ಪಟ್ಟಿಯ ಅಂಚಿಗೆ ಬಂದಳು. ತಿಪ್ಪಕ್ಕ ತನ್ನ ಪಟ್ಟಿಯಿಂದ ನೋಡುತ್ತಿದ್ದಳು. ಅಕ್ಕ ಬಗ್ಗಿ ಅವಳ ಭುಜ ಮುಟ್ಟಿದಳು, ಬೇರು ಕೊಡುವಾಗ ಮುಟ್ಟುವ ಹಾಗೆ. ತಿಪ್ಪಕ್ಕ ಅಭ್ಯಾಸಬಲದಿಂದ ತಿರುಗಿ ಅಂಗೈ ಚಾಚಿದಳು. ಅಕ್ಕ ಅವಳ ಕಿವಿಯ ಹತ್ತಿರ ಬಾಯಿ ಇಟ್ಟಳು. ನನಗೆ ಏನೂ ಕೇಳಿಸಲಿಲ್ಲ. ಅವರಿಬ್ಬರ ಕಾಲ ಸುತ್ತ ಮೊರದಗಲದ ಹಸಿರು ಕಂದಾಗಿ ನೆಲಕ್ಕೆ ಅಂಟಿದ್ದು ಮಾತ್ರ ಕಂಡಿತು.

ತಿಪ್ಪಕ್ಕ ಸತ್ತ ಸೊಪ್ಪನ್ನೇ ನೋಡುತ್ತ ನಿಂತಳು. ಈಗ ಬಯ್ಯುತ್ತಾಳೆ, ಬೈದರೆ ಅರ್ಧ ಮಾಳ ಹೋಗುತ್ತದೆ ಎಂದುಕೊಂಡೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ತನ್ನ ಪಟ್ಟಿಯ ಇನ್ನೊಂದು ಅಂಚಿಗೆ ನಡೆದಳು. ಕೆಳಗಿನವನ ಭುಜ ಮುಟ್ಟಿದಳು. ಇನ್ನೊಂದು ಮೊರದಗಲ ಕಂದಿತು.

ಆಮೇಲೆ ನಾನು ನೋಡಿದ್ದನ್ನು ಸಾಯುವವರೆಗೂ ಮರೆಯಲಾರೆ. ಆ ಕಂದು ಗುರುತು ಮಾಳವನ್ನು ಇಳಿದು ಬರತೊಡಗಿತು. ಯಾರೋ ಕಾಣದ ದೊಡ್ಡ ಮನುಷ್ಯ ಹೆಜ್ಜೆ ಇಟ್ಟುಕೊಂಡು ಬಂದ ಹಾಗೆ, ಒಂದು ಪಟ್ಟಿ, ಇನ್ನೊಂದು ಪಟ್ಟಿ. ಒಬ್ಬ ತಲೆ ಅಲ್ಲಾಡಿಸಿ ಒಲ್ಲೆನೆಂದ. ಅವನ ಹೆಂಡತಿ ಅವನನ್ನು ಪಕ್ಕಕ್ಕೆ ನೂಕಿ ತಾನು ಕಿವಿ ಕೊಟ್ಟಳು. ಕಾಟಯ್ಯನಿಗೂ ಕಂಡಿತು.  ಎತ್ತಿದ ಕೈಯನ್ನು ಇಳಿಸುವ ಹಾಗಿಲ್ಲ, ಹಸು ತಲೆ ಎತ್ತಬೇಕು. ಅವನು ಕಾಲಿನಿಂದ ಹಸುವಿನ ಪಕ್ಕೆಗೆ ಮೆಲ್ಲಗೆ ತಿವಿದ. ಅದು ಬಾಲ ಬೀಸಿ ಇನ್ನೊಂದು ಬುಡಕ್ಕೆ ಬಾಯಿ ಹಾಕಿತು. ದಿಬ್ಬದ ಸೊಪ್ಪು ಅಷ್ಟು ಎಳೆಯದು, ಅಷ್ಟು ದಟ್ಟ. ಒಳ್ಳೆಯದನ್ನೆಲ್ಲ ತನ್ನ ಕಾಲ ಬುಡದಲ್ಲೇ ಇಟ್ಟುಕೊಂಡದ್ದಕ್ಕೆ ಅವನು ಅವತ್ತು ಮೊದಲ ಸಲ ಪರಿತಪಿಸಿರಬೇಕು.

ನನ್ನ ಭುಜವನ್ನು ಯಾರೋ ಮುಟ್ಟಿದರು. ತಿರುಗಿದೆ. ದಿಬ್ಬದ ಕೆಳಗಿನ ಪಟ್ಟಿಯ ಮುದುಕಿ, ಹೆಸರು ಹಿಡಿದು ನಾನು ಎಂದೂ ಮಾತಾಡಿಸದವಳು. ಅವಳ ಬಾಯಿಂದ ಎಲೆಯಡಿಕೆಯ ವಾಸನೆ ಬಂತು. “ಬ್ಯಾಡ” ಎಂದಳು. ಅಷ್ಟೇ. ಇಳಿಜಾರಿನಿಂದ ಹೊರಟದ್ದು ಅಷ್ಟೇ ಒಂದು ಮಾತು. ನಡುವಿನ ಯಾರೂ ಅದಕ್ಕೆ ಏನನ್ನೂ ಸೇರಿಸಿರಲಿಲ್ಲ, ಏನನ್ನೂ ಕಳೆದಿರಲಿಲ್ಲ.

ನಾನು ದಿಬ್ಬ ಹತ್ತಿದೆ. ಕಾಟಯ್ಯ ಬೇಡ ಬೇಡವೆಂದು ಕಣ್ಣಲ್ಲೇ ಹೆದರಿಸಿದ. ತಕರಾರು ನನ್ನದಲ್ಲ, ನಾನು ಕೈಗೆ ಬಂದದ್ದನ್ನು ಮುಂದಕ್ಕೆ ಕೊಡುವವಳು. ಅವನ ಭುಜ ಮುಟ್ಟಿದೆ.

“ಬ್ಯಾಡ” ಎಂದೆ.

“ಏನಂದೆ?” ಎಂದು ಕಾಟಯ್ಯ ಕೂಗಿದ.

ದಿಬ್ಬ ಪೂರ್ತಿ ಕಂದಿತು. ಸುತ್ತಲಿನ ಅವನ ಪಟ್ಟಿ, ಬೇಲಿಯ ಕಡೆಗೆ, ಬಾವಿಯ ಕಡೆಗೆ, ಅಲೆ ಹೋದ ಹಾಗೆ ಕಂದುತ್ತ ಹೋಯಿತು. ಮುದಿ ಹಸುವಿನ ಬಾಯಲ್ಲಿದ್ದ ಸೊಪ್ಪು ಸೊರಗಿ ಜೋತುಬಿತ್ತು. ಅದು ಉಗುಳಿ ತಲೆ ಎತ್ತಿತು.

ಅಲ್ಲಿಗೆ ಕೂಟ ಮುಗಿಯಿತು. ತಕರಾರು ಆ ನೆಲದಿಂದ ಹೊರಟು, ಬಾಯಿಂದ ಬಂದು, ಯಜಮಾನನ ಕಿವಿಗೆ ಬಿದ್ದಿತ್ತು. ಬಿದ್ದಿಲ್ಲ ಎನ್ನಲು ಅವನ ಕೂಗೇ ಅಡ್ಡ ಬಂತು. ಅಕ್ಕ ತಾನೇ ಪಾಲಯ್ಯನ ಗೂಟ ಕಿತ್ತು ತನ್ನದನ್ನು ಬಡಿದಳು.

ಬಾಯಿಕಲ್ಲಿನ ಈಚೆ ಅವತ್ತು ಎದ್ದ ಗಲಾಟೆ ಕೆರೆಯ ಆಚೆಯವರೆಗೆ ಕೇಳಿಸಿತಂತೆ. ಆ ಗಲಾಟೆಯಲ್ಲಿ ಅವತ್ತೇ ಅಗೆಯಲಾಗದೆ, ಮಾರನೆಯ ಬೆಳಿಗ್ಗೆ ಆಳುಗಳು ಹಾರೆ ಹಿಡಿದು ಬಾಡಿದ ಬುಡ ಅಗೆಯಲು ಬಂದರು. ಮಾಳದೊಳಗೆ ಬಯ್ಯುವ ಹಾಗಿಲ್ಲವಲ್ಲ, ಯಜಮಾನನ ಹಾರೆ ತನ್ನ ನೆಲ ಮುಟ್ಟಬಾರದೆಂದು ತಿಪ್ಪಕ್ಕ ತನ್ನ ಪಟ್ಟಿಯ ಕಂದು ಗುರುತಿನ ಮೇಲೆ ಹೋಗಿ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು. ಅವಳನ್ನು ನೋಡಿ ಅವಳ ಕೆಳಗಿನವನ ಹೆಂಡತಿ ಕುಳಿತಳು. ಆಮೇಲೆ ಎಲೆಯಡಿಕೆಯ ಮುದುಕಿ. ಆಳುಗಳು ಸ್ವಲ್ಪ ಹೊತ್ತು ನಿಂತು, ಯಜಮಾನನ ದಿಬ್ಬವನ್ನಷ್ಟೇ ಅಗೆದು ಸುಟ್ಟು ಹೋದರು.

ಆ ಬೇಸಿಗೆ ಸುಲಭವಾಗಿರಲಿಲ್ಲ. ಹಾಲು ಕಡಿಮೆಯಾಯಿತು. ತಿಪ್ಪಕ್ಕನ ಒಂದು ಮರಿಗೆ ಹುಳ ಬಿದ್ದು ಸತ್ತಿತು. ಅವಳು ಅದನ್ನು ತಂದು ನಮ್ಮ ಬಾಗಿಲಲ್ಲಿ ಕಟ್ಟಲಿಲ್ಲ. ಆದರೆ ಬಾಯಿಕಲ್ಲಿನ ಹತ್ತಿರ ಒಂದು ವಾರ ಅಕ್ಕನನ್ನು ಬಾಯಿಗೆ ಬಂದಂತೆ ಬೈದಳು. ಅಕ್ಕ ನಿಂತು ಕೇಳಿಸಿಕೊಂಡಳು. ನಮ್ಮ ಹಸುಗಳನ್ನು ಮಾರಲಿಲ್ಲ. ಬಾಡು ಪಕ್ಕಕ್ಕೆ ಹಬ್ಬುತ್ತದೆಯೇ ಎಂದು ಎಲ್ಲರೂ ದಿನಾ ಹೋಗಿ ನೋಡುತ್ತಿದ್ದರು. ಹಬ್ಬಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಬುಡ ಸೀಳಲು ಹೋದೆವು. ಅಕ್ಕ ತನ್ನ ಪಟ್ಟಿಯ ಅಂಚಿನಲ್ಲಿ ಮಂಡಿಯೂರಿ ಕುಳಿತು ನನ್ನನ್ನು ಕೈ ಬೀಸಿ ಕರೆದಳು. ಕಂದಿದ ಮೊರದಗಲದ ನಡುವೆ, ಒಣಗಿದ ಎಲೆಗಳ ಅಡಿಯಿಂದ, ಕರುವಿನ ಕಿವಿಯಂಥ ಎರಡು ಚಿಗುರು ಎದ್ದಿದ್ದವು. ತಿಪ್ಪಕ್ಕನ ಪಟ್ಟಿಯಲ್ಲೂ. ಅದರ ಕೆಳಗೂ. ಎಲೆ ಸತ್ತಿತ್ತು, ಬೇರು ಸತ್ತಿರಲಿಲ್ಲ. ಅದು ವರ್ಷ ವರ್ಷ ತಾನೇ ಚಿಗುರುವ ಗಿಡವೆಂದು ನಮಗೆಲ್ಲ ಗೊತ್ತಿದ್ದದ್ದೇ. ಬಾಡಿದ್ದನ್ನು ಅವತ್ತೇ ಅಗೆದು ಸುಡುತ್ತಿದ್ದೆವಾದ್ದರಿಂದ ಕಾದು ನೋಡಿದವರು ಇರಲಿಲ್ಲ, ಅಷ್ಟೇ. ಅಗೆದು ಸುಟ್ಟ ದಿಬ್ಬದ ಮೇಲೆ ಮಾತ್ರ ಏನೂ ಬಂದಿರಲಿಲ್ಲ.

ಅಕ್ಕ ನಕ್ಕಳು. ನನಗೆ ನಗು ಬರಲಿಲ್ಲ. ನನಗೆ ತಾತ ಕಂಡ. ಬಾವಿಯ ಪಕ್ಕದ ಪಟ್ಟಿಯಲ್ಲಿ, ಊರಿನವರ ದನಗಳಿಗಾಗಿ ತುಟಿ ಬಿಗಿದು ನಿಂತವನು. ಒಂದು ಮಳೆಗೆ ಮರಳಿ ಬರುವ ಸೊಪ್ಪಿಗಾಗಿ ಅವನು ಆಡಬೇಕಿದ್ದ ಮಾತನ್ನು ಜೀವಮಾನವಿಡೀ ನುಂಗಿಕೊಂಡಿದ್ದ. ಅವನ ಹಾಗೆ ಎಷ್ಟು ಜನ!

ಸಂಜೆ ಬಾಯಿಕಲ್ಲಿನ ಈಚೆ ಕಾಟಯ್ಯ ತನ್ನ ಮುದಿ ಹಸುವಿನ ಜೊತೆ ನಿಂತಿದ್ದ. ಅಲ್ಲಿ ಕಿವಿಸೊಪ್ಪು ಇಲ್ಲ, ಬರೀ ಗರಿಕೆ. ಯಾರು ಏನು ಬೇಕಾದರೂ ಮಾತಾಡಬಹುದು. ಅಕ್ಕ, ತಿಪ್ಪಕ್ಕ, ಮಾಳದಿಂದ ಬಂದವರೆಲ್ಲ ನನ್ನ ಹಿಂದೆ ನಿಂತರು.

“ಬೇರು ಸಾಯಲ್ಲ ಅಂತ ನಿಮಗೆ ಗೊತ್ತಿತ್ತು ಅಲ್ವಾ ಯಜಮಾನ್ರೇ?” ಎಂದು ಕೇಳಿದೆ. “ನಿಮ್ಮಪ್ಪಂಗೂ ಗೊತ್ತಿತ್ತು. ಅದಕ್ಕೇ ಅಗೆಸ್ತಿದ್ರಿ.”

ಅವನು ಹಸುವಿನ ಬೆನ್ನು ಸವರಿದ. ಏನೂ ಹೇಳಲಿಲ್ಲ.

ನಾನು ಕೈ ಎತ್ತಿದೆ. ಎತ್ತಿ ಕಾದೆ. ಮುದಿ ಹಸು ಗರಿಕೆಯಲ್ಲಿ ಸ್ವಲ್ಪ ಹೊತ್ತು ಬಾಯಾಡಿಸಿ, ರುಚಿಸದೆ, ತಲೆ ಎತ್ತಿತು.

ಕೈ ಇಳಿಸಿದೆ. ಸುಮ್ಮನಿದ್ದರೆ ಒಪ್ಪಿದ ಹಾಗೆ. ಆ ನ್ಯಾಯ ಅವನದೇ.